ಗ್ರಾಮದ ಕಸಗಳ ಮೂಲವೂ ಅವುಗಳ ಪರಿಣಾಮವೂ

(ಗ್ರಾಮದ ಮುಖ್ಯಸ್ಥರಿಗೂ ಜಮೀನುದಾರರಿಗೂ ಉಪಯುಕ್ತವಾದ ಪಾಠ)

ಬೇಸಾಯವು ನಡೆಯುವ ಕಡೆಗಳಲ್ಲೆಲ್ಲಾ ಕಸವು ಹುಟ್ಟಿಯೇ ತೀರುವುದು. ದನ ಕಟ್ಟಿದಲ್ಲಿ ಸಗಣಿ ಗಂಜಲಗಳೂ, ಪೈರು ಕೊಯ್ದಲ್ಲಿ ಕೂಳೆ ಹೊಟ್ಟುಗಳೂ, ಜನರು ವಾಸಿಸುವಲ್ಲಿ ಬೂದಿ, ಬಚ್ಚಲ ನೀರು ಮುಂತಾದುವೂ ಇದ್ದೇ ಇರತಕ್ಕವು. ಇವು ಹುಟ್ಟದಂತೆ ಮಾಡುವುದು ಯಾರಿಂದಲೂ ಸಾಧ್ಯವಲ್ಲ. ಹುಟ್ಟಿದ ಮೇಲೆ ಎಲ್ಲಿಗೆ ಹೋಗಬೇಕೆಂಬುದನ್ನು ಗೊತ್ತುಮಾಡುವುದು ಮಾತ್ರ ಗ್ರಾಮಸ್ಥರ ಕೈಯಲ್ಲಿದೆ. ಹಾಗೆ ಗೊತ್ತುಮಾಡದೆ ಬಿಟ್ಟರೆ ಮಳೆಯ ನೀರು, ಗಾಳಿ, ನೊಣ, ನಾಯಿ ಇವು ತಮಗೆ ಇಷ್ಟ ಬಂದ ಕಡೆಗೆ ಅವನ್ನು ಸಾಗಿಸುವುವು. ಹೊಲಕ್ಕೆ ಸೇರಬೇಕಾದ ಸಾರವು ಬಾವಿಗೆ ಸೇರುವುದು. ಹೊಲವು ಬಡವಾಗುವುದು, ಬಾವಿಯು ಕೆಡುವುದು. ಒಂದೇ ವಸ್ತುವಿನಿಂದ ಎರಡು ನಷ್ಟಗಳಾಗುವುವು.

ಈ ಪಾಠದಲ್ಲಿ ಗ್ರಾಮದ ಕಸಗಳು ಯಾವ ಯಾವ ಮೂಲಗಳಿಂದ ಬರುವುವು, ಅವುಗಳಿಂದ ನೆಲ, ನೀರು, ಗಾಳಿ ಮತ್ತು ಜನರ ಆರೋಗ್ಯಕ್ಕೆ ಏನು ಆಗುವುದು, ಅದನ್ನು ತಡೆಯಲು ಏನು ಮಾಡತಕ್ಕದ್ದು ಎಂಬುದನ್ನು ಕ್ರಮವಾಗಿ ಹೇಳಿದೆ.

1. ಕಸದ ಮೂರು ವರ್ಗಗಳು

ಕಸವನ್ನು ಅದು ಹುಟ್ಟಿದ ಸ್ಥಳದಿಂದ ವಿಂಗಡಿಸುವುದುಂಟು. ಆದರೆ ಅದನ್ನು ಏನು ಮಾಡಬೇಕೆಂದು ತಿಳಿಯಬೇಕಾದರೆ, ಅದು ಮಣ್ಣಿನಲ್ಲಿ ಏನಾಗುವುದೆಂಬುದನ್ನು ನೋಡಿ ವಿಂಗಡಿಸುವುದು ಮೇಲು. ಆ ರೀತಿಯಲ್ಲಿ ಕಸಗಳು ಮೂರು ವರ್ಗಗಳಾಗುವುವು.

(ಅ) ಬೇಗ ಕೊಳೆಯತಕ್ಕವು: ಸಗಣಿ, ಗಂಜಲ, ಹಸಿ ಸೊಪ್ಪು, ಅಡಿಗೆ ಮನೆಯ ಕಸ, ಮಲಮೂತ್ರ, ಸತ್ತ ಪ್ರಾಣಿಗಳ ಶರೀರ.

(ಆ) ನಿಧಾನವಾಗಿ ಕೊಳೆಯತಕ್ಕವು: ಹುಲ್ಲು, ದಂಟು, ಕಬ್ಬಿನ ರವದಿ, ಅಡಕೆಯ ಸಿಪ್ಪೆ, ತೆಂಗಿನ ನಾರಿನ ಪುಡಿ, ಮರದ ಹೊಟ್ಟು.

(ಇ) ಕೊಳೆಯದೆ ಇರತಕ್ಕವು ಅಥವಾ ವಿಷವುಳ್ಳವು: ಪ್ಲಾಸ್ಟಿಕ್ಕು, ಗಾಜು, ರಬ್ಬರು, ಔಷಧದ ಡಬ್ಬಿಗಳು, ಬ್ಯಾಟರಿಗಳು, ಕೆಟ್ಟ ವಿದ್ಯುದ್ದೀಪಗಳು.

ಮೊದಲನೆಯ ವರ್ಗವು ಅಲಕ್ಷ್ಯ ಮಾಡಿದರೆ ರೋಗವನ್ನು ತರುವುದು. ಎರಡನೆಯದು ಸುಟ್ಟರೆ ಹೊಗೆಯಾಗುವುದು. ಮೂರನೆಯದು ಎಲ್ಲಿ ಬಿದ್ದರೂ ಬಹುಕಾಲ ಅಲ್ಲಿಯೇ ಉಳಿಯುವುದು. ಮೊದಲೆರಡು ವರ್ಗಗಳನ್ನು ಒಟ್ಟುಗೂಡಿಸಿದರೆ ಒಳ್ಳೆಯ ಗೊಬ್ಬರವಾಗುವುದು. ಮೂರನೆಯದು ಅವುಗಳೊಡನೆ ಬೆರೆತರೆ ಆ ಗೊಬ್ಬರವೂ ಕೆಡುವುದು. ಆದಕಾರಣ ಕಸವನ್ನು ಹುಟ್ಟಿದಲ್ಲಿಯೇ ಬೇರೆ ಬೇರೆಯಾಗಿ ಇಡುವುದೇ ಎಲ್ಲ ಕ್ರಮಗಳಿಗೂ ಮೊದಲನೆಯ ಮೆಟ್ಟಿಲು.

2. ಕೊಟ್ಟಿಗೆಯ ಕಸ

ಗ್ರಾಮದ ಕಸದಲ್ಲಿ ಬೆಲೆಯುಳ್ಳದ್ದೆಂದರೆ ಕೊಟ್ಟಿಗೆಯ ಕಸವೇ. ರೈತರು ಸಗಣಿಯನ್ನು ಬಾಚಿ ತಿಪ್ಪೆಗೆ ಹಾಕುವರು. ಗಂಜಲವನ್ನು ಮಾತ್ರ ನೆಲಕ್ಕೆ ಇಂಗಲು ಅಥವಾ ಬೀದಿಯ ಚರಂಡಿಗೆ ಹರಿಯಲು ಬಿಡುವರು. ಇದು ಹೆಚ್ಚು ಬೆಲೆಯದನ್ನು ಚೆಲ್ಲಿ ಕಡಿಮೆ ಬೆಲೆಯದನ್ನು ಕೂಡಿಟ್ಟಂತೆ. ಹಸಿ ಸಗಣಿಯಲ್ಲಿ ಸಾರಜನಕವು ನೂರಕ್ಕೆ 0.3 ರಿಂದ 0.4 ರಷ್ಟು ಮಾತ್ರ ಇರುವುದು. ಗಂಜಲದಲ್ಲಾದರೋ ಸುಮಾರು 1 ರಷ್ಟು ಇರುವುದು. ದನದ ಮೈಯಿಂದ ಹೊರಬೀಳುವ ಪೊಟ್ಯಾಷಿನ ಹೆಚ್ಚು ಭಾಗವೂ ಗಂಜಲದಲ್ಲಿಯೇ ಇದೆ.

ಒಂದು ದನವು ದಿನಕ್ಕೆ 10 ಕಿಲೋ ಸಗಣಿಯನ್ನೂ 5 ಲೀಟರು ಗಂಜಲವನ್ನೂ ಕೊಡುವುದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ಸಗಣಿ 3,650 ಕಿಲೋ, ಗಂಜಲ 1,825 ಲೀಟರು ಆಗುವುದು. ಮೇಲಿನ ಲೆಕ್ಕದಂತೆ ಸಗಣಿಯಲ್ಲಿ ಸುಮಾರು 11 ರಿಂದ 15 ಕಿಲೋ ಸಾರಜನಕವೂ ಗಂಜಲದಲ್ಲಿ ಸುಮಾರು 18 ಕಿಲೋ ಸಾರಜನಕವೂ ಇರುವುವು. 45 ಕಿಲೋ ತೂಕದ ಒಂದು ಮೂಟೆ ಯೂರಿಯದಲ್ಲಿ ಇರುವ ಸಾರಜನಕವು 21 ಕಿಲೋಗೆ ಸ್ವಲ್ಪ ಕಡಿಮೆ. ಎಂದರೆ ಗಂಜಲವನ್ನು ಚರಂಡಿಗೆ ಬಿಡುವ ರೈತನು ಒಂದೊಂದು ದನಕ್ಕೆ ವರ್ಷಕ್ಕೊಂದು ಮೂಟೆ ಯೂರಿಯಕ್ಕೆ ಸಮೀಪವಾದ ಸಾರವನ್ನು ಕಳೆದುಕೊಂಡು, ಅದೇ ಸಾರವನ್ನು ಅಂಗಡಿಯಿಂದ ಕೊಂಡು ತರುತ್ತಿರುವನು.

ಬಯಲಿನಲ್ಲಿ ಗುಡ್ಡೆಯಾಗಿ ಬಿದ್ದಿರುವ ತಿಪ್ಪೆಯಲ್ಲಿಯೂ ನಷ್ಟವು ನಡೆದೇ ಇರುವುದು. ಬಿಸಿಲಿಗೆ ಅಮೋನಿಯಾ ಎಂಬ ಅನಿಲವು ಹಾರಿಹೋಗುವುದು. ತಿಪ್ಪೆಯ ಬಳಿ ಮೂಗಿಗೆ ಬಡಿಯುವ ಘಾಟು ಇದರದೇ. ಮಳೆಗೆ ಕಪ್ಪು ರಸವು ಇಳಿದು ಹರಿಯುವುದು. ಉಳಿದ ಭಾಗವು ಗಾಳಿಯಾಡದೆ ಕೊಳೆತಾಗ ಮೀಥೇನ್ ಅನಿಲವು ಹೊರಡುವುದು. ನೂರು ವರ್ಷಗಳ ಲೆಕ್ಕದಲ್ಲಿ ಈ ಅನಿಲವು ಅಷ್ಟೇ ತೂಕದ ಇಂಗಾಲಾಮ್ಲಕ್ಕಿಂತ ಸುಮಾರು 28 ರಷ್ಟು ಅಧಿಕವಾಗಿ ಭೂಮಿಯ ಶಾಖವನ್ನು ಹೆಚ್ಚಿಸುವುದೆಂದು ವಿಜ್ಞಾನಿಗಳು ಗೊತ್ತುಮಾಡಿರುವರು. ಈ ಅನಿಲವನ್ನೇ ಗೋಬರ್ ಗ್ಯಾಸ್ ಗುಂಡಿಯಲ್ಲಿ ಹಿಡಿದಿಟ್ಟರೆ ಒಲೆಗೆ ಉರಿಯೂ ದೊರೆಯುವುದು, ಗುಂಡಿಯಿಂದ ಹೊರಬಿದ್ದ ರಾಡಿಯು ಹೊಲಕ್ಕೆ ಗೊಬ್ಬರವೂ ಆಗುವುದು. ಬೆರಣಿ ತಟ್ಟಿ ಸುಟ್ಟರೆ ಉರಿಯು ಮಾತ್ರ ದೊರೆತು, ಸಾರಜನಕವೆಲ್ಲ ಹೊಗೆಯೊಡನೆ ಹೋಗುವುದು. ಆ ಹೊಗೆಯು ಒಲೆಯ ಮುಂದೆ ಕುಳಿತ ಹೆಂಗಸರ ಕಣ್ಣಿಗೂ ಶ್ವಾಸಕೋಶಕ್ಕೂ ಕೇಡು.

ಗಂಜಲವನ್ನು ಹಿಡಿಯಲು ದೊಡ್ಡ ವೆಚ್ಚವು ಬೇಕಾಗಿಲ್ಲ. ಮಲೆನಾಡಿನವರು ಕೊಟ್ಟಿಗೆಗೆ ಸೊಪ್ಪು ಹಾಸುವ ವಾಡಿಕೆಯು ಇದಕ್ಕೆ ಉತ್ತಮವಾದ ಮಾರ್ಗ. ಬಯಲು ಸೀಮೆಯಲ್ಲಿ ದನ ತಿಂದು ಬಿಟ್ಟ ದಂಟನ್ನೂ ಒಣ ಮಣ್ಣನ್ನೂ ಹಾಸಿ, ನೆನೆದ ಮೇಲೆ ಬಾಚಿ ಗುಂಡಿಗೆ ಹಾಕಬಹುದು. ಕಲ್ಲು ಅಥವಾ ಸಿಮೆಂಟಿನ ನೆಲವುಳ್ಳವರು ಇಳಿಜಾರಿನ ಕೊನೆಯಲ್ಲಿ ಒಂದು ಸಣ್ಣ ತೊಟ್ಟಿಯನ್ನು ಕಟ್ಟಿಸಿದರೆ ಸಾಕು.

3. ಬಾವಿಯ ನೀರಿಗೆ ಆಗುವ ಕೇಡು

ಇಂಗಿಹೋದ ಗಂಜಲವು ಏನಾಗುವುದೆಂಬುದನ್ನು ಬಹುಜನರು ಯೋಚಿಸುವುದಿಲ್ಲ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಅದರಲ್ಲಿರುವ ಸಾರಜನಕವನ್ನು ನೈಟ್ರೇಟ್ ಎಂಬ ಲವಣವನ್ನಾಗಿ ಮಾಡುವುವು. ಈ ಲವಣವು ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವುದಿಲ್ಲ. ನೀರಿನೊಡನೆ ಕೆಳಕ್ಕೆ ಇಳಿದು ಅಂತರ್ಜಲವನ್ನು ಸೇರುವುದು. ಪೈರಿನ ಬೇರು ಇರುವಲ್ಲಿ ಅದು ಆಹಾರವಾಗುತ್ತಿತ್ತು. ಬೇರಿಲ್ಲದ ಊರ ನೆಲದಲ್ಲಿ ಅದು ಬಾವಿಗೆ ಹೋಗದೆ ಬೇರೆ ದಾರಿಯಿಲ್ಲ.

ಇದರ ಅಪಾಯವು ಮೊದಲು ಸ್ಪಷ್ಟವಾದದ್ದು ಅಮೆರಿಕದ ಅಯೋವಾ ಸಂಸ್ಥಾನದ ಬೇಸಾಯದ ಮನೆಗಳಲ್ಲಿ. ಅಲ್ಲಿ ಕೆಲವು ಎಳೆಯ ಕೂಸುಗಳ ತುಟಿಯೂ ಉಗುರೂ ಮೈಯೂ ನೀಲಿಗಟ್ಟುತ್ತಿದ್ದುವು. ಹೃದಯದ ರೋಗವೂ ಶ್ವಾಸಕೋಶದ ರೋಗವೂ ಕಾಣಲಿಲ್ಲ. ಹಂಟರ್ ಕಾಮ್ಲಿ ಎಂಬ ವೈದ್ಯನು 1945ರಲ್ಲಿ ಇದರ ಕಾರಣವನ್ನು ಪ್ರಕಟಿಸಿದನು. ಆ ಕೂಸುಗಳಿಗೆ ಬಾವಿಯ ನೀರಿನಲ್ಲಿ ಕಲಸಿದ ಹಾಲನ್ನು ಕುಡಿಸುತ್ತಿದ್ದರು. ಆ ಬಾವಿಗಳ ನೀರಿನಲ್ಲಿ ನೈಟ್ರೇಟು ಅತಿಯಾಗಿ ಇದ್ದಿತು. ಎಳೆಯ ಮಕ್ಕಳ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ಮಾರ್ಪಟ್ಟು, ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಂದಿಸುತ್ತಿದ್ದಿತು. ನೀರನ್ನು ಬದಲಾಯಿಸಿದೊಡನೆ ಮಕ್ಕಳು ಚೇತರಿಸಿಕೊಂಡರು. ತಾಯಿಯ ಹಾಲನ್ನು ಮಾತ್ರ ಕುಡಿಯುವ ಕೂಸಿಗೆ ಈ ಭಯವಿಲ್ಲ.

ನಮ್ಮ ದೇಶದಲ್ಲಿ ಕುಡಿಯುವ ನೀರಿನ ನೈಟ್ರೇಟಿಗೆ ಲೀಟರಿಗೆ 45 ಮಿಲಿಗ್ರಾಂ ಎಂಬ ಮಿತಿಯನ್ನು ಇಟ್ಟಿದೆ. ಕರ್ನಾಟಕದ ಅನೇಕ ಜಿಲ್ಲೆಗಳ ಅಂತರ್ಜಲದಲ್ಲಿ ಈ ಮಿತಿಯು ಮೀರಿರುವುದು ಕಂಡುಬಂದಿದೆ. ತಿಪ್ಪೆ, ಚರಂಡಿ, ಪಾಯಿಖಾನೆ ಮಾತ್ರವಲ್ಲದೆ ಮಿತಿಮೀರಿ ಹಾಕಿದ ಯೂರಿಯವೂ ಇದಕ್ಕೆ ಕಾರಣ. ಇಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ಒಂದು, ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರು ಎಷ್ಟು ತಿಳಿಯಾಗಿ ಕಂಡರೂ ಪರೀಕ್ಷೆಯಿಲ್ಲದೆ ಗೊತ್ತಾಗದು. ಎರಡು, ನೀರನ್ನು ಕಾಯಿಸಿದರೆ ರೋಗದ ಕ್ರಿಮಿಗಳು ಸಾಯುವುವೇ ಹೊರತು ನೈಟ್ರೇಟು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣವು ಹೆಚ್ಚುವುದು.

4. ಹೊಲದ ಮತ್ತು ಕಣದ ಕಸ

ಹಿಂದೆ ಪೈರನ್ನು ಬುಡದವರೆಗೆ ಕುಡುಗೋಲಿನಿಂದ ಕೊಯ್ಯುತ್ತಿದ್ದುದರಿಂದ ಹುಲ್ಲು ಮನೆಗೆ ಬರುತ್ತಿದ್ದಿತು. ತುಂಗಭದ್ರಾ ಕಾಲುವೆಯ ಬತ್ತದ ಪ್ರದೇಶದಲ್ಲಿಯೂ ಇತರ ಕಡೆಗಳಲ್ಲಿಯೂ ಕೊಯ್ಲಿನ ಯಂತ್ರವು ಬಂದ ಮೇಲೆ ಹುಲ್ಲಿನ ಬಹುಭಾಗವು ಗದ್ದೆಯಲ್ಲಿಯೇ ಉಳಿಯುತ್ತದೆ. ಮುಂದಿನ ಬೆಳೆಗೆ ಅವಸರವಾದ್ದರಿಂದ ಬೆಂಕಿಯಿಡುವುದು ರೂಢಿಯಾಗಿದೆ. ಕಬ್ಬಿನ ಸೀಮೆಯಲ್ಲಿ ರವದಿಗೂ ಇದೇ ಗತಿ.

ಒಂದು ಟನ್ನು ಬತ್ತದ ಹುಲ್ಲಿನಲ್ಲಿ ಸುಮಾರು 5 ರಿಂದ 6 ಕಿಲೋ ಸಾರಜನಕವೂ, 2 ಕಿಲೋ ರಂಜಕಾಮ್ಲವೂ, 20 ರಿಂದ 25 ಕಿಲೋ ಪೊಟ್ಯಾಷೂ, 1 ಕಿಲೋ ಗಂಧಕವೂ ಇರುವುವು. ಬೆಂಕಿಯಿಟ್ಟರೆ ಸಾರಜನಕ ಗಂಧಕಗಳು ಬಹುಮಟ್ಟಿಗೆ ಹೊಗೆಯಾಗುವುವು. ಉಳಿದವು ಬೂದಿಯಲ್ಲಿದ್ದರೂ ಗಾಳಿಗೂ ಮಳೆಗೂ ಸ್ವಲ್ಪ ಭಾಗವು ಕೊಚ್ಚಿಹೋಗುವುದು. ಇವೆಲ್ಲಕ್ಕಿಂತ ದೊಡ್ಡ ನಷ್ಟವು ಇಂಗಾಲದ ನಷ್ಟ. ಮಣ್ಣಿನಲ್ಲಿ ನೀರನ್ನು ಹಿಡಿದಿಡುವ ಮತ್ತು ಮಣ್ಣನ್ನು ಮೃದುವಾಗಿಸುವ ಸತ್ತ್ವವು ಇಂಥ ಕೊಳೆತ ಕಸದಿಂದಲೇ ಉಂಟಾಗತಕ್ಕದ್ದು. ಮೇಲ್ಮಣ್ಣಿನ ಉಪಕಾರಿ ಜೀವಿಗಳೂ ಶಾಖಕ್ಕೆ ಸಾಯುವುವು. ಪಂಜಾಬು ಹರಿಯಾಣ ಪ್ರಾಂತಗಳ ಬತ್ತದ ಕೂಳೆಯ ಹೊಗೆಯು ಪ್ರತಿ ವರ್ಷವೂ ಅಕ್ಟೋಬರು ನವೆಂಬರು ತಿಂಗಳುಗಳಲ್ಲಿ ದೆಹಲಿಯ ಗಾಳಿಯನ್ನು ಕೆಡಿಸುವ ಸಂಗತಿಯು ಎಲ್ಲರಿಗೂ ತಿಳಿದಿರುವುದೇ ಸರಿ.

ಹಾಗೆಂದು ಹಸಿ ಹುಲ್ಲನ್ನು ಉತ್ತು ಒಡನೆಯೇ ಬಿತ್ತುವುದೂ ಸರಿಯಲ್ಲ. ಹುಲ್ಲಿನಲ್ಲಿ ಒಂದು ಪಾಲು ಸಾರಜನಕಕ್ಕೆ 60 ರಿಂದ 80 ಪಾಲು ಇಂಗಾಲವಿದೆ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಬೇಕಾದಷ್ಟು ಸಾರಜನಕವು ಅದರಲ್ಲಿಲ್ಲದ ಕಾರಣ, ಅವು ಮಣ್ಣಿನಲ್ಲಿರುವುದನ್ನೇ ತೆಗೆದುಕೊಳ್ಳುವುವು. ಎಳೆಯ ಪೈರು ಹಳದಿಯಾಗಿ ಸೊರಗುವುದು. ಆದ್ದರಿಂದ ಹುಲ್ಲನ್ನು ತುಂಡರಿಸಿ, ಉತ್ತು, ನೀರು ಕಟ್ಟಿ, ಬಿತ್ತನೆಗೆ ಮೊದಲು ಕೆಲವು ವಾರಗಳನ್ನು ಬಿಡತಕ್ಕದ್ದು. ಇಲ್ಲವೆ ಗುಂಡಿಗೆ ಸಾಗಿಸತಕ್ಕದ್ದು. ಕಬ್ಬಿನ ರವದಿಯನ್ನು ಕೂಳೆ ಬೆಳೆಯ ಸಾಲುಗಳ ನಡುವೆ ಹಾಸಿದರೆ ಕಳೆಯೂ ಅಡಗುವುದು, ತೇವವೂ ನಿಲ್ಲುವುದು.

5. ಮನೆಯ ಕಸವೂ ಮಲಮೂತ್ರವೂ

ಮನೆಯಿಂದ ಬೂದಿ, ಗುಡಿಸಿದ ಧೂಳು, ತರಕಾರಿಯ ಸಿಪ್ಪೆ, ಬಚ್ಚಲ ನೀರು ಇವು ದಿನವೂ ಹೊರಬೀಳುವುವು. ಬಚ್ಚಲ ನೀರು ಬೀದಿಯಲ್ಲಿ ನಿಂತರೆ ಸೊಳ್ಳೆಗಳಾಗುವುವು. ತೆಂಗಿನ ಚಿಪ್ಪು, ಅಡಕೆಯ ಹಾಳೆ, ಒಡೆದ ಮಡಕೆ, ಹಳೆಯ ಟೈರು ಇವುಗಳಲ್ಲಿ ನಿಂತ ಮಳೆಯ ನೀರಿನಲ್ಲಿ ಡೆಂಗ್ಯೂ ಜ್ವರವನ್ನು ಹರಡುವ ಸೊಳ್ಳೆಯು ಮೊಟ್ಟೆಯಿಡುವುದು. ಮೊಟ್ಟೆಯಿಂದ ಸೊಳ್ಳೆಯಾಗಲು ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳು ಹಿಡಿಯುವುದರಿಂದ, ವಾರಕ್ಕೊಮ್ಮೆ ಇವನ್ನು ಕವುಚಿಹಾಕಿದರೆ ಸಂತತಿಯು ನಿಲ್ಲುವುದು. ಮನೆಯ ನೊಣವೂ ಒಂದು ಸಲಕ್ಕೆ ನೂರಕ್ಕೆ ಮೇಲ್ಪಟ್ಟು ಮೊಟ್ಟೆಗಳನ್ನು ತೆರೆದ ಸಗಣಿ ಮಲಗಳ ಮೇಲೆಯೇ ಇಡುವುದು. ಗುಂಡಿಯ ಕಸಕ್ಕೆ ಮಣ್ಣು ಮುಚ್ಚುವುದರ ಮುಖ್ಯೋದ್ದೇಶಗಳಲ್ಲಿ ನೊಣಗಳನ್ನು ತಡೆಯುವುದೂ ಒಂದು.

ಮಲದ ವಿಷಯದಲ್ಲಿ ಲಂಡನ್ ನಗರದ ಒಂದು ಸಂಗತಿಯನ್ನು ಗ್ರಾಮದ ಮುಖ್ಯಸ್ಥರು ತಿಳಿದಿರುವುದು ಒಳ್ಳೆಯದು. 1854ರಲ್ಲಿ ಅಲ್ಲಿಯ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತಮುತ್ತ ವಾಂತಿಭೇದಿಯು ತಲೆದೋರಿ ಆರು ನೂರಕ್ಕೂ ಮೇಲ್ಪಟ್ಟು ಜನರು ಸತ್ತರು. ಕೆಟ್ಟ ಗಾಳಿಯಿಂದ ರೋಗವು ಬರುವುದೆಂದು ಆಗಿನವರ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯನು ಮನೆಮನೆಗೆ ಹೋಗಿ ವಿಚಾರಿಸಿ, ಸತ್ತವರಲ್ಲಿ ಬಹುಮಂದಿ ಒಂದೇ ಬಾವಿಯ ಪಂಪಿನ ನೀರನ್ನು ಕುಡಿಯುತ್ತಿದ್ದರೆಂದು ಕಂಡುಹಿಡಿದು, ಆ ಪಂಪಿನ ಹಿಡಿಯನ್ನು ತೆಗೆಸಿದನು. ರೋಗದ ಮೂಲವು ಅನಂತರ ತಿಳಿದುಬಂದಿತು: ಬೇಧಿಯಿಂದ ನರಳುತ್ತಿದ್ದ ಒಂದು ಕೂಸಿನ ಬಟ್ಟೆ ಒಗೆದ ನೀರನ್ನು ಮನೆಯ ಮಲದ ಗುಂಡಿಗೆ ಚೆಲ್ಲಿದ್ದರು, ಆ ಗುಂಡಿಗೂ ಬಾವಿಗೂ ಇದ್ದ ಅಂತರವು ಸುಮಾರು 3 ಅಡಿ ಮಾತ್ರ, ಗುಂಡಿಯ ಇಟ್ಟಿಗೆ ಗೋಡೆಯು ಶಿಥಿಲವಾಗಿದ್ದಿತು.

ಈ ಕಾರಣದಿಂದ ಪಾಯಿಖಾನೆಯ ಗುಂಡಿಯಾಗಲಿ ತಿಪ್ಪೆಯಾಗಲಿ ಕುಡಿಯುವ ನೀರಿನ ಬಾವಿಗೆ 50 ಅಡಿಗಿಂತ ಹತ್ತಿರವಿರಕೂಡದು. ಬಾವಿಗಿಂತ ತಗ್ಗಿನ ಕಡೆಗೆ ಇರತಕ್ಕದ್ದು. ಎರಡು ಗುಂಡಿಗಳುಳ್ಳ ಪಾಯಿಖಾನೆಯು ಹಳ್ಳಿಗೆ ತಕ್ಕದ್ದು. ಒಂದು ಗುಂಡಿ ತುಂಬಿದಾಗ ಅದನ್ನು ಮುಚ್ಚಿ ಮತ್ತೊಂದಕ್ಕೆ ತಿರುಗಿಸುವರು. ಮುಚ್ಚಿದ್ದನ್ನು ಒಂದೆರಡು ವರ್ಷ ಮುಟ್ಟದೆ ಬಿಟ್ಟರೆ ಅದು ವಾಸನೆಯಿಲ್ಲದ ಗೊಬ್ಬರವಾಗುವುದು. ಹಸಿ ಮಲವನ್ನು ಮನುಷ್ಯರ ಕೈಯಿಂದ ತೆಗೆಯಿಸುವುದು 1993 ಮತ್ತು 2013ರ ಶಾಸನಗಳ ಮೇರೆಗೆ ಅಪರಾಧವಾಗಿದೆ. ಅದು ಮನುಷ್ಯತ್ವಕ್ಕೂ ವಿರೋಧವಾದದ್ದು. ಎರಡು ಗುಂಡಿಯ ಕ್ರಮದಲ್ಲಿ ಆ ಸಂದರ್ಭವೇ ಬರುವುದಿಲ್ಲ.

6. ಸತ್ತ ದನಗಳು

ಹಿಂದೆ ಸತ್ತ ದನವನ್ನು ಊರ ಹೊರಗೆ ಹಾಕಿದರೆ ಹದ್ದುಗಳ ಜಾತಿಯ ರಣಹದ್ದುಗಳು ಬಂದು ಸ್ವಲ್ಪ ಕಾಲದಲ್ಲಿಯೇ ಮೂಳೆ ಮಾತ್ರ ಉಳಿಸುತ್ತಿದ್ದುವು. ಈಗ ಅವು ಕಾಣುವುದು ಅಪೂರ್ವ. ಭಾರತದಲ್ಲಿ ಬಿಳಿ ಬೆನ್ನಿನ ರಣಹದ್ದುಗಳು 1992 ರಿಂದ 2007 ರೊಳಗೆ ನೂರಕ್ಕೆ 99 ಕ್ಕೂ ಮೇಲ್ಪಟ್ಟು ನಾಶವಾದುವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹಕ್ಕಿಗಳ ಮೂತ್ರಪಿಂಡಗಳನ್ನು ಕೆಡಿಸುವುದೆಂದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಸರ್ಕಾರದವರು ದನಗಳಿಗೆ ಆ ಔಷಧವನ್ನು ನಿಷೇಧಿಸಿದರು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿದ್ದ ರಣಹದ್ದುಗಳ ರಕ್ಷಣೆಗಾಗಿ 2012ರಲ್ಲಿ ಒಂದು ಅಭಯಧಾಮವನ್ನು ಸ್ಥಾಪಿಸಲಾಯಿತು.

ಊರ ಕಸವನ್ನು ಕೂಲಿಯಿಲ್ಲದೆ ತೆಗೆಯುತ್ತಿದ್ದ ಹಕ್ಕಿಯು ಹೋದ ಮೇಲೆ ಆ ಮಾಂಸವು ನಾಯಿಗಳ ಪಾಲಾಯಿತು. ನಾಯಿಗಳು ಹೆಚ್ಚಿದಷ್ಟೂ ಹುಚ್ಚುನಾಯಿಯ ಭಯವೂ ಹೆಚ್ಚುವುದು. ಆದಕಾರಣ ಸತ್ತ ದನವನ್ನು ಕೆರೆ ಹಳ್ಳಗಳ ದಂಡೆಗೆ ಎಸೆಯದೆ, ನೀರಿನ ಸೆಲೆಯಿಂದ ದೂರವಾದ ಎತ್ತರದ ನೆಲದಲ್ಲಿ ಆಳವಾಗಿ ಹೂಳತಕ್ಕದ್ದು. ನೆರಡಿ ರೋಗದಿಂದ ಸತ್ತಿರಬಹುದೆಂದು ಅನುಮಾನವಿದ್ದಲ್ಲಿ ಶರೀರವನ್ನು ಕೊಯ್ಯದೆ, ಚರ್ಮವನ್ನು ಸುಲಿಯದೆ, ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ನಡೆಯತಕ್ಕದ್ದು. ಆ ರೋಗದ ಬೀಜಗಳು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುವುವು.

7. ಫಸಲನ್ನು ಹದಮಾಡುವಲ್ಲಿ ಬರುವ ಕಸ

ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಕಾಫಿಯ ಹಣ್ಣನ್ನು ಪಲ್ಪರಿಗೆ ಹಾಕಿ ತೊಳೆಯುವಾಗ ಸಿಹಿಯೂ ಲೋಳೆಯೂ ಬೆರೆತ ನೀರು ಹೊರಬೀಳುವುದು. ಇದು ಹಳ್ಳಕ್ಕೆ ಸೇರಿದರೆ ಹುಳಿತು, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಹೀರುವುದು. ಸ್ವಚ್ಛವಾದ ನೀರಿನ ಒಂದು ಲೀಟರಿನಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕವು ಮಾತ್ರ ಇರುವುದು. ಕೊಳಕು ನೀರಿನ ಒಂದು ಲೀಟರು ಕೊಳೆಯಲು 2,000 ಮಿಲಿಗ್ರಾಂ ಆಮ್ಲಜನಕವನ್ನು ಬೇಡಿದರೆ, ಅದು 250 ಲೀಟರು ಹಳ್ಳದ ನೀರನ್ನು ಬರಿದುಮಾಡುವುದೆಂದು ಲೆಕ್ಕ. ಪಲ್ಪಿಂಗಿನ ನೀರು ಬೇಡುವುದು ಇದಕ್ಕಿಂತಲೂ ಹೆಚ್ಚು. ಮೀನುಗಳು ಉಸಿರಿಲ್ಲದೆ ಸಾಯುವುವು. ಈ ಕೆಲಸವು ನಡೆಯುವ ಕಾಲವು ಮಳೆ ನಿಂತು ಹಳ್ಳಗಳು ಸಣ್ಣಗಾಗುವ ಕಾಲವೇ ಆದ್ದರಿಂದ ಕೇಡು ಹೆಚ್ಚು. ಈ ನೀರನ್ನು ಹಳ್ಳಕ್ಕೆ ಬಿಡದೆ, ಸುಣ್ಣ ಬೆರಸಿ ಹುಳಿಯನ್ನು ಮುರಿದು, ಹೊಂಡಗಳಲ್ಲಿ ನಿಲ್ಲಿಸಿ ಕೊಳೆಯಿಸತಕ್ಕದ್ದು. ಹಣ್ಣಿನ ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕತಕ್ಕದ್ದು.

ಶಿವಮೊಗ್ಗ ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ಅಡಕೆಯ ಸಿಪ್ಪೆಯನ್ನು ರಸ್ತೆಯ ಬದಿಯಲ್ಲಿ ಸುರಿದು ಬೆಂಕಿಯಿಡುವುದುಂಟು. ತಿಪಟೂರು ಅರಸೀಕೆರೆಗಳ ಕಡೆ ತೆಂಗಿನ ನಾರಿನ ಕಾರ್ಖಾನೆಗಳ ಬಳಿ ನಾರಿನ ಪುಡಿಯು ಗುಡ್ಡೆಯಾಗುವುದು. ಈ ಪುಡಿಯಲ್ಲಿ ಇಂಗಾಲವು ಸಾರಜನಕದ ನೂರು ಪಾಲಿಗೂ ಮೇಲ್ಪಟ್ಟಿರುವುದರಿಂದ ತಾನಾಗಿ ಕೊಳೆಯಲು ವರ್ಷಗಳು ಹಿಡಿಯುವುವು. ಮಳೆಗೆ ಒಗರಾದ ಕಂದು ರಸವನ್ನು ಬಿಡುವುದು. ಸಗಣಿಯ ಬಗ್ಗಡವನ್ನೂ, ಅಣಬೆಯ ಜಾತಿಯ ಶಿಲೀಂಧ್ರದ ಬೀಜವನ್ನೂ ಬೆರಸಿ ತೇವವಾಗಿಟ್ಟರೆ ಇವೆರಡೂ ತಿಂಗಳುಗಳಲ್ಲಿಯೇ ಗೊಬ್ಬರವಾಗುವುವು. ಅಡಕೆಗೆ ಸಿಂಪಡಿಸುವ ಮೈಲುತುತ್ತದ ಪೀಪಾಯಿಯನ್ನು ಹಳ್ಳದಲ್ಲಿ ತೊಳೆಯುವುದೂ ತಪ್ಪು. ತಾಮ್ರವು ಸ್ವಲ್ಪವಾದರೂ ಮೀನಿಗೆ ವಿಷ.

ಪಟ್ಟಣದ ಕೊಳಕು ಹಳ್ಳಿಗೆ ಬರುವುದೂ ಉಂಟು. ಬೆಂಗಳೂರಿನ ಚರಂಡಿಯ ಮತ್ತು ಕಾರ್ಖಾನೆಗಳ ನೀರು ವೃಷಭಾವತಿಯಲ್ಲಿ ಹರಿದು ಬಿಡದಿಯ ಬಳಿಯ ಬೈರಮಂಗಲದ ಕೆರೆಯನ್ನು ತುಂಬಿ, ಆ ಭಾಗದ ಬೇಸಾಯಗಾರರ ಬದುಕನ್ನೇ ಬದಲಾಯಿಸಿದ್ದು ಪ್ರಸಿದ್ಧವಾದ ಸಂಗತಿ. ಮೇಲಿನವರು ಬಿಟ್ಟದ್ದನ್ನು ಕೆಳಗಿನವರು ಉಣ್ಣಬೇಕಾಗುವುದು.

8. ಕೊಳೆಯದ ಕಸ

ಪ್ಲಾಸ್ಟಿಕ್ಕಿನ ಚೀಲವು ತಿಪ್ಪೆಯ ಮೂಲಕ ಹೊಲಕ್ಕೆ ಹೋದರೆ ನೀರು ಇಂಗುವುದನ್ನೂ ಬೇರು ಇಳಿಯುವುದನ್ನೂ ತಡೆಯುವುದು. ಹರಿದು ಚೂರಾಗುವುದೇ ಹೊರತು ಕರಗುವುದಿಲ್ಲ. ಅನ್ನದ ವಾಸನೆಗೆ ದನವು ಅದನ್ನು ನುಂಗಿದರೆ ಮೊದಲ ಹೊಟ್ಟೆಯಲ್ಲಿ ಗಂಟಾಗಿ ಉಳಿದು, ಮೇವು ಸೇರದೆ, ಹಾಲು ಕುಂದಿ, ಕೊನೆಗೆ ಪ್ರಾಣಕ್ಕೇ ಬರುವುದು. ಸುಟ್ಟರೆ ವಿಷದ ಹೊಗೆಯೇಳುವುದು. ಒಂದೇ ಸಲ ಬಳಸಿ ಎಸೆಯುವ ಕೆಲವು ಬಗೆಯ ಪ್ಲಾಸ್ಟಿಕ್ ಸಾಮಾನುಗಳನ್ನು ಕೇಂದ್ರ ಸರ್ಕಾರವು 2022ನೆಯ ಜುಲೈ 1 ರಿಂದ ನಿಷೇಧಿಸಿದೆ.

ಕೀಟನಾಶಕದ ಖಾಲಿ ಡಬ್ಬಿಯು ಇವೆಲ್ಲಕ್ಕಿಂತ ಅಪಾಯವಾದದ್ದು. ಖಾಲಿಯೆಂದು ಕಂಡರೂ ಒಳಗೆ ವಿಷವು ಅಂಟಿರುವುದು. ಅದರಲ್ಲಿ ನೀರು, ಎಣ್ಣೆ, ಬೀಜಗಳನ್ನು ಎಂದಿಗೂ ಇಡಕೂಡದು. ಸಿಂಪಡಿಸುವಾಗಲೇ ಡಬ್ಬಿಯನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಸಿಂಪಡಿಸುವ ಪೀಪಾಯಿಗೇ ಸುರಿಯತಕ್ಕದ್ದು. ಖಾಲಿ ಡಬ್ಬಿಗಳನ್ನು ಮರುಬಳಕೆಗೆ ಸಿಕ್ಕದಂತೆ ಒಡೆದು ಜನವಸತಿಯಿಂದ ದೂರದಲ್ಲಿ ಹೂಳಬೇಕೆಂದು 1971ರ ಕೀಟನಾಶಕಗಳ ನಿಯಮಗಳಲ್ಲಿ ವಿಧಿಸಿದೆ. ಬ್ಯಾಟರಿಗಳಲ್ಲಿ ಸೀಸ ಮುಂತಾದ ಲೋಹಗಳೂ, ಕೊಳವೆಯ ದೀಪಗಳಲ್ಲಿ ಪಾದರಸವೂ ಇರುವುದರಿಂದ ಅವನ್ನು ಒಡೆಯದೆ, ಸುಡದೆ, ಬೇರೆಯಾಗಿ ಕೂಡಿಟ್ಟು ಗ್ರಾಮ ಪಂಚಾಯತಿಯ ಕಸದ ಘಟಕಕ್ಕೆ ಒಪ್ಪಿಸತಕ್ಕದ್ದು.

9. ಕೊಳೆಯುವ ಕಸವನ್ನು ಗೊಬ್ಬರವಾಗಿ ಮಾಡುವ ಕ್ರಮ

ಇದಕ್ಕೆ ಪ್ರಸಿದ್ಧವಾದ ಎರಡು ಮಾರ್ಗಗಳು ಭಾರತದಲ್ಲಿಯೇ ಹುಟ್ಟಿದುವು. ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಎಂಬವರು ಇಂದೂರಿನಲ್ಲಿ ನಡೆಸಿದ ಪ್ರಯೋಗಗಳನ್ನು 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಇಂದೂರಿನ ಕ್ರಮದಲ್ಲಿ ಒಣ ಕಸ, ಹಸಿ ಕಸ, ಸಗಣಿಯ ಬಗ್ಗಡ, ಗಂಜಲ ನೆನೆದ ಮಣ್ಣು, ಬೂದಿ ಇವನ್ನು ಪದರಪದರವಾಗಿ ಹಾಕಿ, ಗಾಳಿಯಾಡುವಂತೆ ಮೂರು ಸಲ ತಿರುವುವರು. ಸುಮಾರು 3 ತಿಂಗಳಿಗೆ ಗೊಬ್ಬರವಾಗುವುದು. ಬೆಂಗಳೂರಿನಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ಕ್ರಮದಲ್ಲಿ ಸುಮಾರು 3 ಅಡಿ ಆಳದ ಗುಂಡಿಯನ್ನು ತುಂಬಿ, ಮೇಲೆ ಮಣ್ಣು ಮುಚ್ಚಿ, ತಿರುವದೆ ಬಿಡುವರು; 8 ರಿಂದ 9 ತಿಂಗಳು ಹಿಡಿಯುವುದು. ಕೂಲಿಯೂ ನೀರೂ ಸಾಕಷ್ಟಿದ್ದವರಿಗೆ ಮೊದಲನೆಯದು, ಅವು ಕಡಿಮೆಯಿದ್ದವರಿಗೆ ಎರಡನೆಯದು ಅನುಕೂಲ.

ಯಾವ ಕ್ರಮವಾದರೂ ನಾಲ್ಕು ಸೂತ್ರಗಳನ್ನು ಬಿಡಕೂಡದು. (1) ಒಣ ಕಸದೊಡನೆ ಸಗಣಿ ಗಂಜಲಗಳು ಸೇರಿ, ಇಂಗಾಲವು ಸಾರಜನಕದ ಸುಮಾರು 30 ಪಾಲಿನಷ್ಟು ಇರಬೇಕು. (2) ಕಸವು ಹಿಂಡಿದ ಬಟ್ಟೆಯಷ್ಟು ತೇವವಾಗಿರಬೇಕು, ನೀರು ನಿಲ್ಲಬಾರದು. (3) ಮೇಲೆ ನೆರಳೂ ಮಣ್ಣಿನ ಮುಚ್ಚಿಗೆಯೂ ಇರಬೇಕು. (4) ಕೊಳೆಯದ ಕಸವು ಒಂದು ಚೂರೂ ಸೇರಬಾರದು. ಚೆನ್ನಾಗಿ ಬೆರೆತು ಗಾಳಿಯಾಡುವ ರಾಶಿಯೊಳಗಿನ ಶಾಖವು 55 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಏರುವುದು. ಆ ಶಾಖಕ್ಕೆ ನೊಣದ ಮರಿಗಳೂ ರೋಗದ ಕ್ರಿಮಿಗಳೂ ಕಳೆಯ ಬೀಜಗಳೂ ಬಹುಮಟ್ಟಿಗೆ ಸಾಯುವುವು. ಪಕ್ವವಾದ ಗೊಬ್ಬರವು ಕಪ್ಪಾಗಿ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆಯುಳ್ಳದ್ದಾಗಿರುವುದು.

10. ಗ್ರಾಮದ ಮುಖ್ಯಸ್ಥರು ಮಾಡತಕ್ಕ ಕೆಲಸ

ಒಬ್ಬ ರೈತನು ತನ್ನ ತಿಪ್ಪೆಯನ್ನು ಸರಿಪಡಿಸಿದರೆ ಅವನ ಹೊಲಕ್ಕೆ ಲಾಭವಾಗುವುದು. ಬಾವಿಯಾದರೋ ಊರಿಗೆಲ್ಲ ಸೇರಿದ್ದು. ಹತ್ತು ಮಂದಿ ಎಚ್ಚರಿಕೆಯಿಂದಿದ್ದು ಒಬ್ಬನು ಅಲಕ್ಷ್ಯ ಮಾಡಿದರೂ ಅದು ಕೆಡುವುದು. ಆದ್ದರಿಂದ ಈ ಕೆಲಸವು ಮುಖ್ಯಸ್ಥರು ಮುಂದೆ ನಿಂತು ನಡೆಸತಕ್ಕದ್ದಾಗಿದೆ.

ಮುಂಗಾರಿನ ಮೊದಲ ಒಳ್ಳೆಯ ಮಳೆ ಬಿದ್ದಾಗ ಪಂಚಾಯತಿಯ ಸದಸ್ಯರೂ ಜಮೀನುದಾರರೂ ಕೂಡಿ ಊರನ್ನು ಒಂದು ಸುತ್ತು ಬರುವುದು ಉತ್ತಮ. ಬೀದಿಯ ನೀರು ಎಲ್ಲಿಂದ ಹೊರಟು ಎಲ್ಲಿಗೆ ಸೇರುವುದೆಂಬುದು ಆ ದಿನ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ ಬೇರಾವ ದಿನವೂ ಕಾಣದು. ಯಾವ ತಿಪ್ಪೆಯ ರಸವು ಬಾವಿಯ ಕಡೆಗೆ ಹರಿಯುವುದು, ಯಾವ ಚರಂಡಿಯು ಕೆರೆಗೆ ಬೀಳುವುದು, ಎಲ್ಲಿ ನೀರು ನಿಲ್ಲುವುದು ಎಂಬುದನ್ನು ಗುರುತುಮಾಡಿಕೊಂಡು, ಮೊದಲು ಬಾವಿಯ ಕಡೆಯ ತಿಪ್ಪೆಗಳನ್ನು ಸ್ಥಳಾಂತರ ಮಾಡಿಸತಕ್ಕದ್ದು. ಜಾಗವಿಲ್ಲದ ಬಡವರಿಗೆ ಊರ ತಗ್ಗಿನ ಕಡೆ ಸಾಮಾನ್ಯ ಸ್ಥಳದಲ್ಲಿ ಗುಂಡಿಗೆ ಎಡೆಯನ್ನು ಒದಗಿಸಬೇಕು. ಜಾಗವನ್ನು ತೋರಿಸದೆ ತಿಪ್ಪೆಯನ್ನು ತೆಗೆಯೆಂದರೆ ಅದು ನಡೆಯತಕ್ಕ ಮಾತಲ್ಲ. ಮಳೆಗೆ ಮೊದಲು ಒಂದು ಸಲ, ಮಳೆಗಾಲ ಕಳೆದ ಮೇಲೆ ಒಂದು ಸಲ ಕುಡಿಯುವ ನೀರನ್ನು ಜಿಲ್ಲೆಯ ನೀರು ಪರೀಕ್ಷೆಯ ಪ್ರಯೋಗಶಾಲೆಗೆ ಕಳುಹಿಸಿ, ನೈಟ್ರೇಟಿನ ಅಂಕಿಯನ್ನು ಪಂಚಾಯತಿಯ ಗೋಡೆಯ ಮೇಲೆ ಬರೆಯಿಸತಕ್ಕದ್ದು. ಮಿತಿಯು ಮೀರಿದ್ದರೆ ಎಳೆಯ ಕೂಸುಗಳುಳ್ಳ ಮನೆಗಳಿಗೆ ಕೂಡಲೆ ತಿಳಿಸಿ ಬೇರೆ ನೀರನ್ನು ಒದಗಿಸತಕ್ಕದ್ದು.

ಸಾರಾಂಶ

1. ಕಸವು ಹುಟ್ಟಿದಲ್ಲಿಯೇ ಕೊಳೆಯುವುದನ್ನೂ ಕೊಳೆಯದ್ದನ್ನೂ ಬೇರೆ ಮಾಡಬೇಕು.
2. ಗಂಜಲವನ್ನು ಹಿಡಿದಿಡುವುದರಿಂದ ಹೊಲಕ್ಕೆ ಲಾಭ, ಬಾವಿಗೆ ರಕ್ಷಣೆ.
3. ಹುಲ್ಲು, ರವದಿ, ಸಿಪ್ಪೆಗಳನ್ನು ಸುಡಬಾರದು.
4. ತಿಪ್ಪೆ ಪಾಯಿಖಾನೆಗಳು ಬಾವಿಯಿಂದ ಕನಿಷ್ಠ 50 ಅಡಿ ದೂರದಲ್ಲಿ, ತಗ್ಗಿನ ಕಡೆ ಇರಬೇಕು.
5. ಕಾಯಿಸಿದ ಮಾತ್ರಕ್ಕೆ ನೀರಿನ ನೈಟ್ರೇಟು ಹೋಗದು, ಪರೀಕ್ಷೆಯೇ ಬೇಕು.
6. ಔಷಧದ ಡಬ್ಬಿಯು ಖಾಲಿಯಾದರೂ ವಿಷವೇ.

ಒಂದು ಗ್ರಾಮದಲ್ಲಿ ಇವೆಲ್ಲವನ್ನೂ ಒಂದೇ ವರ್ಷದಲ್ಲಿ ನಡೆಸುವುದು ಕಷ್ಟವಾಗಬಹುದು. ಕುಡಿಯುವ ಬಾವಿಗೆ ಹತ್ತಿರವಿರುವ ತಿಪ್ಪೆಯೊಂದನ್ನು ಈ ವರ್ಷದ ಮಳೆಗೆ ಮೊದಲೇ ಬೇರೆಡೆಗೆ ಸಾಗಿಸಿ, ಅದರ ಗೊಬ್ಬರವನ್ನು ಹೊಲಕ್ಕೆ ಹೊಡೆಯಿಸಿದರೆ, ಮಿಕ್ಕ ಕೆಲಸಗಳಿಗೆ ಅದೇ ಒಳ್ಳೆಯ ಆರಂಭವಾಗುವುದು.